ಸದ್ದಿಲ್ಲದ ಗಾಡಿ

ನನ್ನ ಮೋಟರ್‌ಸೈಕಲ್ ನಿಂತ ಕಡೆಯೆಲ್ಲ ಒಂದೇ ಪ್ರಶ್ನೆ. ಲಿಂಗಸುಗೂರಿನ ಪೆಟ್ರೋಲ್ ಬಂಕಿನಲ್ಲಾಗಲಿ, ಮಸ್ಕಿಯ ಚಹಾದಂಗಡಿಯ ಮುಂದಾಗಲಿ, ಯಾರಾದರೊಬ್ಬರು ಬಗ್ಗಿ ಮೀಟರ್ ನೋಡುತ್ತಾರೆ, ಹುಬ್ಬೇರಿಸುತ್ತಾರೆ, ಆಮೇಲೆ ಇದು ಇನ್ನೂ ಎಷ್ಟು ದಿನ ಬರುತ್ತದೆ ಅಂತ ಕೇಳುತ್ತಾರೆ. ಮನೆಯ ಹಿರಿಯರ ಬಗ್ಗೆ ಯಾರಾದರೂ ಹೀಗೆ ಕೇಳಿದರೆ ಜಗಳವೇ ಆದೀತು. ಗಾಡಿಯ ಬಗ್ಗೆ ಮಾತ್ರ ಯಾವ ಸಂಕೋಚವೂ ಇಲ್ಲ. ಅದರ ಮೀಟರ್ ಎರಡು ಲಕ್ಷ ಕಿಲೋಮೀಟರ್ ದಾಟಿ ವರ್ಷವಾಗಿದೆ. ಎಂಜಿನ್ ಒಮ್ಮೆಯೂ ಬಿಚ್ಚಿಲ್ಲ. ನೋಡಿಕೊಂಡಷ್ಟು ದಿನ ಬರುತ್ತದೆ ಎಂದು ನಾನು ಗತ್ತಿನಿಂದ ಹೇಳುತ್ತಿದ್ದೆ.

ನಾನು ಲಿಂಗಸುಗೂರಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ಮನೆ ಸಿಂಧನೂರಿನಲ್ಲಿ. ಹೆಂಡತಿಯೂ ಶಿಕ್ಷಕಿಯೇ, ತುರ್ವಿಹಾಳದ ಪ್ರಾಥಮಿಕ ಶಾಲೆಗೆ ಬಸ್ಸಿನಲ್ಲಿ ಹೋಗಿಬರುತ್ತಾಳೆ. ನಾನು ಮಸ್ಕಿ ಹಾಯ್ದು ದಿನಾ ನೂರು ಕಿಲೋಮೀಟರಿನ ಮೇಲೆ ಗಾಡಿ ಓಡಿಸುತ್ತಿದ್ದೆ. ಇಷ್ಟು ಓಡಿಸುವವನು ಪೆಟ್ರೋಲ್ ಕಡಿಮೆ ಕುಡಿಯುವ ಚಿಕ್ಕ ಗಾಡಿ ಇಟ್ಟುಕೊಂಡರೆ ಸಾಕಿತ್ತು. ಆದರೆ ರಜೆ ಬಂತೆಂದರೆ ನಮಗಿಬ್ಬರಿಗೂ ಮನೆಯಲ್ಲಿ ಕೂರುವುದು ಆಗುವುದಿಲ್ಲ. ಗೋವಾ, ಹಂಪಿ, ನಾಗಪುರ, ರಾಮೇಶ್ವರ ಎಲ್ಲಾ ಈ ಗಾಡಿಯ ಮೇಲೆಯೇ ನೋಡಿದ್ದು. ಅದಕ್ಕೇ ದೂರ ಹೋಗಲೆಂದೇ ಮಾಡಿದ ಈ ದೊಡ್ಡ ಗಾಡಿ ಕೊಂಡೆವು. ಸೀಟು ಆರಿಸಿದವಳು ಅವಳೇ.

ಅವಳ ಪ್ರಕಾರ ನಾನು ಹುಟ್ಟುವಾಗಲೇ ಚಿಂತೆ ಕಟ್ಟಿಕೊಂಡು ಬಂದವನು. ಇರಬಹುದು. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ನೋಡಲು ಮಸ್ಕಿಯಿಂದ ತಿರುಗಿ ಬಂದವನು ನಾನು. ಆದರೆ ಈ ಗಾಡಿ ಇಷ್ಟು ದೂರ ಬಂದಿದ್ದು ಆ ಚಿಂತೆಯಿಂದಲೇ. ಸುಗ್ಗಿಯಲ್ಲಿ ನಮ್ಮ ರಸ್ತೆಯ ಅರ್ಧಕ್ಕೆ ನೆಲ್ಲು ಒಣಹಾಕಿ, ಸುತ್ತ ಕಲ್ಲು ಇಟ್ಟಿರುತ್ತಾರೆ. ಆ ದಿನಗಳಲ್ಲಿ ಏರ್ ಫಿಲ್ಟರ್ ಬಿಚ್ಚಿ ನೋಡಿದರೆ ಒಳಗೆಲ್ಲ ಹೊಟ್ಟಿನ ಧೂಳು. ವಾರಕ್ಕೊಮ್ಮೆ ಅದನ್ನು ಜಾಡಿಸಲೇಬೇಕು. ಎಂಜಿನ್ ಬೆಚ್ಚಗಿರುವಾಗ ಹಳೆ ಆಯಿಲ್ ಇಳಿಸಿ, ಎರಡು ಬೆರಳಿನ ನಡುವೆ ಉಜ್ಜಿ, ಬಿಸಿಲಿಗೆ ಹಿಡಿದು ಲೋಹದ ಮಿಂಚು ಇದೆಯೇ ಎಂದು ನೋಡುತ್ತೇನೆ. ಇದೆಲ್ಲ ಕಣ್ಣಿನ ಕೆಲಸ. ಉಳಿದದ್ದು ಕಿವಿಯದು. ಗಾಡಿಯನ್ನು ಕಿವಿಯಿಂದ ನೋಡಿಕೊಳ್ಳಬೇಕು ಎಂದು ನಾನು ಸಹೋದ್ಯೋಗಿಗಳಿಗೆಲ್ಲ ಪಾಠ ಮಾಡುತ್ತಿದ್ದೆ. ಚೈನು ಒಣಗಿದರೆ ಒಂದು ಸದ್ದು, ಬೇರಿಂಗ್ ಹೋಗುವ ಮುಂಚೆ ಇನ್ನೊಂದು. ಚಕ್ರದ ಸ್ಪೋಕ್‌ಗಳನ್ನು ನಟ್ಟು ತಿರುಗಿಸುವ ಪಾನಾದಿಂದ ಒಂದೊಂದಾಗಿ ತಟ್ಟುತ್ತ ಹೋಗಬೇಕು. ಬಿಗಿಯಾಗಿದ್ದರೆ ಟಿಣ್ ಅನ್ನುತ್ತದೆ, ಸಡಿಲಾಗಿದ್ದರೆ ಡಬ್ ಅನ್ನುತ್ತದೆ. ಡಬ್ ಅಂದದ್ದನ್ನು ಸ್ವಲ್ಪ ತಿರುಗಿಸಿ ಬಿಗಿ ಮಾಡಬೇಕು.

ಈ ಎಂಜಿನ್ನಿಗೆ ಮೊದಲಿನಿಂದಲೂ ಒಂದು ಕಿಟಿಕಿಟಿ ಸದ್ದು ಇತ್ತು. ಎಂಜಿನ್ನಿನ ತಲೆಯಲ್ಲಿ ವಾಲ್ವನ್ನು ಒತ್ತುವ ಟ್ಯಾಪೆಟ್ಟಿನ ಸದ್ದು ಅದು. ಹೊಲಿಗೆ ಮಷೀನು ದೂರದಲ್ಲಿ ನಡೆದ ಹಾಗೆ. ಬೆಳಿಗ್ಗೆ ಗಾಡಿ ಚಾಲೂ ಮಾಡಿ ಅದನ್ನು ಕೇಳಿದ ಮೇಲೆಯೇ ನನಗೆ ಸಮಾಧಾನ. ಹೋದ ವರ್ಷ ಒಂದು ದಿನ ಗಮನಿಸಿದೆ. ಆ ಸದ್ದು ಇಲ್ಲ.

ಮೊದಲು ನನಗೆ ಖುಷಿಯೇ ಆಯಿತು. ಆಗಷ್ಟೇ ಬೇರೆ ತರಹದ ಆಯಿಲ್ ಹಾಕಿದ್ದೆ, ಎಲ್ಲಾ ಅದರ ಮಹಿಮೆ ಅಂದುಕೊಂಡೆ. ಮಸ್ಕಿಯ ಚಹಾದಂಗಡಿಯಲ್ಲಿ ಗಾಡಿ ಚಾಲೂ ಇಟ್ಟು, ವಯಸ್ಸಾದಂತೆ ಇದರ ಸದ್ದು ಕಡಿಮೆಯಾಗುತ್ತಿದೆ ನೋಡಿ ಎಂದು ತೋರಿಸಿದೆ. ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಸ್ತರು ಹೇಳಿದ ಮೇಲೆ ಮುಗಿಯಿತು ಎಂದು ಸುಮ್ಮನಿದ್ದರೋ ಏನೋ. ಅದೇ ಆಯಿಲ್ ಹಾಕಿಸಿ ಎಂದು ಇಬ್ಬರು ಸಹೋದ್ಯೋಗಿಗಳ ಬೆನ್ನು ಹತ್ತಿದೆ.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ಸದ್ದು ತಾನಾಗಿ ಹೋಗುವುದಿಲ್ಲ ಎಂಬ ಮಾತು ತಲೆಗೆ ಹೊಕ್ಕಿತು. ಟ್ಯಾಪೆಟ್ಟಿಗೂ ವಾಲ್ವಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಆ ಸಂದು ಇದ್ದರೇ ಕಿಟಿಕಿಟಿ. ಬಹಳ ಓಡಿದ ಎಂಜಿನ್ನಿನಲ್ಲಿ ಒಮ್ಮೊಮ್ಮೆ ಆ ಸಂದು ಮುಚ್ಚಿಕೊಳ್ಳುತ್ತ ಬರುತ್ತದೆ. ಆಗ ಎಂಜಿನ್ ಸುಮ್ಮನಾಗುತ್ತದೆ, ಎಲ್ಲ ಚೆನ್ನಾಗಿದೆ ಅನಿಸುತ್ತದೆ, ಒಳಗೆ ವಾಲ್ವು ಸುಟ್ಟು ಹೋಗಿರುತ್ತದೆ. ದಸರಾ ರಜೆಗೆ ಕನ್ಯಾಕುಮಾರಿಗೆ ಹೋಗುವುದೆಂದು ಮಾತಾಗಿತ್ತು. ನನ್ನ ಹೆಂಡತಿ ವರ್ಷಗಳಿಂದ ಕೇಳುತ್ತಿದ್ದ ಊರು ಅದು. ಯಾವುದೋ ಗೊತ್ತಿಲ್ಲದ ಘಾಟಿನಲ್ಲಿ ಎಂಜಿನ್ ನಿಂತು, ಅವಳು ರಸ್ತೆ ಬದಿಗೆ ಚೀಲ ಹಿಡಿದು ನಿಲ್ಲುವುದನ್ನು ಊಹಿಸಿಕೊಂಡರೆ ಊಟ ಸೇರುತ್ತಿರಲಿಲ್ಲ.

ಅದರ ಮೇಲೆ ಸ್ಪೋಕ್‌ಗಳ ಕಾಟ ಶುರುವಾಯಿತು. ಭಾನುವಾರ ತಟ್ಟಿ ನೋಡಿದರೆ ಅರ್ಧಕ್ಕರ್ಧ ಡಬ್ ಅನ್ನುತ್ತಿದ್ದವು. ಬಿಗಿ ಮಾಡಿದೆ. ಮುಂದಿನ ಭಾನುವಾರ ಮತ್ತೆ ಡಬ್. ಮತ್ತೆ ಬಿಗಿ ಮಾಡಿದೆ. ಈಗಿನ ರಸ್ತೆ ಸರಿಯಿಲ್ಲ ಎಂದು ಬೈದೆ, ಕಬ್ಬಿಣವೇ ಸರಿಯಿಲ್ಲ ಎಂದು ಬೈದೆ. ಆ ದಿನಗಳಲ್ಲಿ ನಾನು ಎಲ್ಲವನ್ನೂ ಬೈಯುತ್ತಿದ್ದೆ ಅನ್ನಿಸುತ್ತದೆ. ಶಾಲೆಯಲ್ಲಿ ಹುಡುಗರು ಬಾಯೊಳಗೇ ಉತ್ತರ ಹೇಳುತ್ತಾರೆ ಎಂದು ಸಿಟ್ಟು. ಮನೆಯ ಫೋನು ಕೆಟ್ಟಿದೆ ಎಂದು ಸಿಟ್ಟು. ಒಂದು ದಿನ ಲಿಂಗಸುಗೂರಿನಿಂದ ಬರುವಾಗ ಮುಂದಿನ ಚಕ್ರ ಅಲುಗಾಡತೊಡಗಿತು. ಹ್ಯಾಂಡಲ್ ಗಟ್ಟಿಯಾಗಿ ಹಿಡಿದು, ನಡೆದಷ್ಟೇ ನಿಧಾನವಾಗಿ ಮಸ್ಕಿ ಮುಟ್ಟಿದೆ.

ಮಸ್ಕಿಯ ಮೇಸ್ತ್ರಿಗೆ ಈ ಗಾಡಿ ಹೊಸದಿದ್ದಾಗಿನಿಂದ ಗೊತ್ತು. ಚಕ್ರ ತಿರುಗಿಸಿ ನೋಡಿ, ರಿಮ್ ಸೊಟ್ಟಗಾಗಿ ಔಟ್ ಆಗಿದೆ, ಸ್ಪೋಕ್‌ಗಳನ್ನು ಯಾರೋ ಲೆಕ್ಕವಿಲ್ಲದೆ ಎಳೆದಿದ್ದಾರೆ ಅಂದ. ಎರಡು ಸ್ಪೋಕ್ ಆಗಲೇ ಮುರಿದಿದ್ದವು. ಎಳೆದವನು ನಾನೇ, ಅದಕ್ಕೇ ಮಾತು ಬದಲಿಸಿದೆ. ಎಂಜಿನ್ ತಣಿದ ಮೇಲೆ ಟ್ಯಾಪೆಟ್ ಕೂಡ ನೋಡೆಂದೆ. ಅವನು ತೆಳು ತಗಡಿನ ಗೇಜು ತೂರಿಸಿ ನೋಡಿ, ಸಂದು ಸರಿಯಿದೆ ಅಂದ. ಹಾಗಾದರೆ ಸದ್ದು ಎಲ್ಲಿ ಹೋಯಿತು ಎಂದು ಕೇಳಿದೆ.

"ಸದ್ದು ಐತಲ್ರೀ ಸರ," ಅಂದ. "ಇನ್ನೊಂದು ಲಕ್ಷ ಓಡಸ್ರೀ, ಏನೂ ಆಗಂಗಿಲ್ಲ."

ಇವನಿಗೆ ಕೆಲಸ ತಪ್ಪಿಸಿಕೊಳ್ಳುವ ಯೋಚನೆ ಎಂದು ನನಗೆ ಅನುಮಾನ. ಚಕ್ರ ಸರಿ ಮಾಡಿಸಿಕೊಂಡು ಮನೆಗೆ ಬಂದರೂ ಮನಸ್ಸು ನೆಟ್ಟಗಾಗಲಿಲ್ಲ. ಕನ್ಯಾಕುಮಾರಿ ಬೇಡ ಎಂದು ಹೆಂಡತಿಗೆ ಹೇಗೆ ಹೇಳುವುದು ಎಂದು ದಾರಿಯುದ್ದಕ್ಕೂ ಅದೇ ಯೋಚನೆ.

ಆ ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಗಾಡಿಯನ್ನು ನಡುವಿನ ಸ್ಟ್ಯಾಂಡಿಗೆ ಹಾಕಿ ಸ್ಪೋಕ್ ತಟ್ಟುತ್ತ ಕುಳಿತಿದ್ದೆ. ಹೆಂಡತಿ ಕಟ್ಟೆಯ ಮೇಲೆ ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ಮೇಸ್ತ್ರಿ ಸರಿ ಮಾಡಿ ವಾರವಾಗಿಲ್ಲ, ಎಲ್ಲ ಸ್ಪೋಕ್ ಮತ್ತೆ ಸಡಿಲಾಗಿವೆ ಎಂದು ಗೊಣಗಿ ಪಾನಾ ಹಚ್ಚಿದೆ. ಅವಳು ತಲೆ ಎತ್ತಿದಳು.

"ಎಲ್ಲಾ ಟಿಣ್ ಅನ್ನಾಕತ್ತಾವಲ್ರೀ. ಯಾಕ ಮತ್ತ ತಿರುವಾಕತ್ತೀರಿ?"

ನನಗೆ ರೇಗಿತು. ಅಷ್ಟು ಗೊತ್ತಿದ್ದರೆ ಬಂದು ನೋಡು ಅಂದೆ. ಅವಳು ಸೊಪ್ಪಿನ ಕೈ ಒರೆಸಿಕೊಂಡು ಬಂದು ಕುಕ್ಕರಗಾಲಲ್ಲಿ ಕುಳಿತಳು. ನಾನು ಒಂದು ಸ್ಪೋಕ್ ತಟ್ಟಿದೆ. ನನಗೆ ಡಬ್ ಅಂತ ಕೇಳಿತು, ಅವಳು ಟಿಣ್ ಅಂದಳು. ಇನ್ನೊಂದು ತಟ್ಟಿದೆ. ಟಿಣ್ ಅಂದಳು. ಅರ್ಧ ಚಕ್ರ ಹಾಗೆಯೇ ತಟ್ಟುತ್ತ ಹೋಗಿ ಪಾನಾ ಕೆಳಗಿಟ್ಟೆ. ಎದ್ದು ಗಾಡಿ ಚಾಲೂ ಮಾಡಿದೆ. ಟ್ಯಾಪೆಟ್ಟಿನ ಸದ್ದು ಕೇಳುತ್ತದೆಯೇ ಎಂದು ಕೇಳುವಷ್ಟು ಧೈರ್ಯ ಇರಲಿಲ್ಲ. ಅವಳೇ ಹೇಳಿದಳು, ಕಿಟಿಕಿಟಿ ಅನ್ನುತ್ತಿದೆ, ಎಂದಿನ ಹಾಗೆಯೇ ಇದೆ ಎಂದು. ನಾನು ಗಾಡಿ ಬಂದ್ ಮಾಡಿದೆ.

ಗಾಡಿಗೆ ಏನೂ ಆಗಿರಲಿಲ್ಲ. ತಿಂಗಳುಗಟ್ಟಲೆ ಅದರ ಬಗ್ಗೆ ನಾನು ಪಟ್ಟ ಹೆದರಿಕೆಯೆಲ್ಲ ದಂಡ. ಆ ಸಮಾಧಾನ ಅರೆಕ್ಷಣವೂ ನಿಲ್ಲಲಿಲ್ಲ, ಅದಕ್ಕಿಂತ ದೊಡ್ಡ ಹೆದರಿಕೆ ಬಂತು, ಕೆಟ್ಟದ್ದು ನನ್ನ ಕಿವಿ.

"ನಿಮಗ ಸಣ್ಣ ಸದ್ದು ಕೇಳ್ಸಂಗಿಲ್ಲ ಅಂತ ನನಗ ಗೊತ್ತೈತ್ರಿ," ಅಂದಳು ಹೆಂಡತಿ. "ಹಿಂದ ಕಾರು, ಆಟೋ ಹಾರ್ನ್ ಹೊಡದ್ರ ನೀವು ದಾರಿನ ಬಿಡ್ತಿರಲಿಲ್ಲ. ಅದಕ್ಕ ನಾ ಹೆಗಲು ಒತ್ತೂದು."

ಗಾಡಿಯ ಹಿಂದೆ ಕೂತಾಗ ಅವಳು ಹೆಗಲು ಒತ್ತುತ್ತಿದ್ದದ್ದು ನನಗೆ ಗೊತ್ತಿತ್ತು. ವೇಗಕ್ಕೆ ಹೆದರಿ ಒತ್ತುತ್ತಾಳೆ ಎಂದುಕೊಂಡು ನಾನು ನಿಧಾನ ಮಾಡಿ ಎಡಕ್ಕೆ ಸರಿಯುತ್ತಿದ್ದೆ. ವಯಸ್ಸಾದಂತೆ ಪುಕ್ಕಲಿ ಆಗುತ್ತಿದ್ದೀಯ ಎಂದು ಎಷ್ಟೋ ಸಲ ಅಣಕಿಸಿದ್ದೆ. ಒಮ್ಮೆಯೂ ಎದುರಾಡಿದವಳಲ್ಲ.

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳೀನ್ರಿ. ಕಿವಿ ತೋರಸ್ರಿ ಅಂದೆ. ಎಲ್ಲಾರೂ ಬಾಯಾಗ ಮಾತಾಡ್ತಾರ, ನನ್ನ ಕಿವಿಗಿ ಏನಾಗೇತಿ ಅಂದ್ರಿ."

ಅಂದು ಮಧ್ಯಾಹ್ನವೆಲ್ಲ ನನ್ನ ತಲೆಯಲ್ಲಿ ಲಿಂಗಸುಗೂರಿನ ರಸ್ತೆಯೇ. ಅವಳು ಹಿಂದೆ ಕೂರುವುದು ರಜೆಯಲ್ಲಿ, ಭಾನುವಾರದಲ್ಲಿ. ಉಳಿದ ದಿನವೆಲ್ಲ ನಾನು ಒಬ್ಬನೇ. ಹಿಂದಿನಿಂದ ಎಷ್ಟು ಕಾರುಗಳು ಹಾರ್ನ್ ಹೊಡೆದು, ನಾನು ಸರಿಯದಿದ್ದಾಗ ನನ್ನನ್ನು ಶಪಿಸುತ್ತ ಮೈಗೆ ತಾಗುವಷ್ಟು ಹತ್ತಿರ ಹಾಯ್ದು ಹೋಗಿರಬೇಕು. ಕನ್ನಡಿ ಇದೆ, ನಿಜ. ಆದರೆ ನೆಲ್ಲು ಹರವಿದ ರಸ್ತೆಯಲ್ಲಿ ಕಣ್ಣು ಮುಂದೆಯೇ ಇರಬೇಕಾಗುತ್ತದೆ. ನನಗೆ ಏನೂ ಆಗದೆ ಉಳಿದಿದ್ದು ಬೇರೆಯವರ ಬ್ರೇಕಿನ ಪುಣ್ಯ. ಮರುದಿನ ಬಸ್ಸಿಗೆ ಹೋದೆ. ಆಮೇಲೆ ಒಬ್ಬನೇ ಗಾಡಿ ಹತ್ತಿಲ್ಲ.

ರಾಯಚೂರಿನ ಕಿವಿ ಡಾಕ್ಟರು ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ದಪ್ಪ ಸದ್ದು ಕೇಳುತ್ತದೆ, ಸಣ್ಣ ಚೂಪು ಸದ್ದು ಹೋಗಿದೆ, ವಯಸ್ಸು ಸ್ವಲ್ಪ, ಇಷ್ಟು ವರ್ಷ ಕಿವಿಗೆ ಬಡಿದ ಗಾಳಿ ಸ್ವಲ್ಪ ಅಂದರು. ಹೋದದ್ದು ಬರುವುದಿಲ್ಲವಂತೆ. ಉಳಿದದ್ದು ಇನ್ನೂ ಎಷ್ಟು ದಿನ ಬರುತ್ತದೆ ಎಂದು ಕೇಳಿದೆ. ಪೆಟ್ರೋಲ್ ಬಂಕಿನವರ ಮಾತು ನನ್ನ ಬಾಯಲ್ಲಿ ಬಂದಿತ್ತು. ನೋಡಿಕೊಂಡಷ್ಟು ದಿನ ಎಂಬ ನನ್ನ ಗತ್ತಿನ ಉತ್ತರ ಡಾಕ್ಟರಿಗೆ ಗೊತ್ತಿರಲಿಲ್ಲ, ಪುಣ್ಯಕ್ಕೆ. ನೋಡೋಣ ಎಂದಷ್ಟೇ ಹೇಳಿದರು.

ಕಿವಿಗೆ ಮಷೀನು ಬಂತು. ಅದನ್ನು ಹಾಕಿಕೊಂಡು ಮನೆಗೆ ಬಂದವನೇ ಅಂಗಳದಲ್ಲಿ ಗಾಡಿ ಚಾಲೂ ಮಾಡಿದೆ. ಕಿಟಿಕಿಟಿ. ನಿಂತಲ್ಲೇ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ. ಶಾಲೆಯಲ್ಲಿಯೂ ಹುಡುಗರು ಸ್ಪಷ್ಟವಾಗಿ ಮಾತಾಡತೊಡಗಿದರು. ಆದರೆ ಗಾಡಿ ಓಡಿಸುವಾಗ ಅದು ಉಪಯೋಗವಿಲ್ಲ. ಹೆಲ್ಮೆಟ್ಟಿನೊಳಗೆ ಸೀಟಿ ಹೊಡೆಯುತ್ತದೆ, ಗಾಳಿ ಹೊಕ್ಕರೆ ಕಾಲುವೆಯ ತೂಬು ಬಿಟ್ಟ ಹಾಗೆ ಭೋರ್ಗರೆಯುತ್ತದೆ. ಗಾಡಿ ಹತ್ತುವ ಮುಂಚೆ ತೆಗೆದು ಹೆಂಡತಿಯ ಪರ್ಸಿನಲ್ಲಿ ಇಡಬೇಕು.

ಕನ್ಯಾಕುಮಾರಿ ಬೇಡ ಎಂದು ನಾನು ಕಡ್ಡಿ ಮುರಿದ ಹಾಗೆ ಹೇಳಿದೆ. ಗಾಡಿ ಗಟ್ಟಿಯಾಗಿದೆ, ನಾನು ಗಟ್ಟಿಯಿಲ್ಲ, ನಿನ್ನನ್ನು ಹಿಂದೆ ಕೂರಿಸಿಕೊಳ್ಳಲು ನನಗೆ ಹೆದರಿಕೆ ಎಂದೂ ಹೇಳಿದೆ. ಮುಂದಿನ ಭಾನುವಾರ ಮಸ್ಕಿಯ ತನಕ ಹೋಗಿ ಬರೋಣ, ಆಮೇಲೆ ನೀವು ಏನು ಹೇಳಿದರೆ ಅದೇ ಅಂದಳು.

ಹೊರಟೆವು. ಊರು ದಾಟುವಾಗ ಹೆಗಲ ಮೇಲಿನ ಕೈ ಒತ್ತಿತು. ಎಡಕ್ಕೆ ಸರಿದೆ, ಒಂದು ಕಾರು ಹಾಯ್ದು ಹೋಯಿತು. ಮತ್ತೆ ಒತ್ತಿತು, ಆಟೋ. ಮೂರನೆಯ ಸಲವೂ ಸರಿಯಾಗಿಯೇ ಇತ್ತು. ಅದಾದ ಮೇಲೆ ಬಹಳ ಹೊತ್ತು ಕೈ ಸುಮ್ಮನಿತ್ತು. ಹೊಲಗಳ ನಡುವೆ ರಸ್ತೆ ಖಾಲಿ ಇತ್ತು, ಕನ್ನಡಿಯಲ್ಲಿ ಏನೂ ಇರಲಿಲ್ಲ, ಆದರೂ ನನಗೆ ತಡೆಯಲಾಗಲಿಲ್ಲ. ಎಂಜಿನ್ ಸುಮ್ಮನಾದಾಗ ಹೆದರಿದಂತೆಯೇ ಈಗ ಆ ಕೈ ಸುಮ್ಮನಾದದ್ದಕ್ಕೆ ಹೆದರಿದೆ. ತೂಕಡಿಸುತ್ತಿದ್ದಾಳೋ, ಮರೆತಳೋ, ಹೊಲ ನೋಡುತ್ತ ಕುಳಿತಳೋ.

"ನಿದ್ದಿ ಹತ್ತೇತೇನು?" ಎಂದು ಕೂಗಿದೆ.

ಅವಳು ಏನೋ ಅಂದಳು. ಕೇಳಲಿಲ್ಲ. ಏನಂದಿ ಎಂದು ಮತ್ತೆ ಕೂಗಿದೆ. ಮತ್ತೆ ಏನೋ ಅಂದಳು. ಆಮೇಲೆ ಕೈ ಎರಡು ಸಲ ಒತ್ತಿತು. ಎರಡು ಸಲ ಒತ್ತಿದರೆ ಏನೆಂದು ನಾವು ಮಾತಾಡಿಕೊಂಡಿರಲಿಲ್ಲ. ನಾನು ನಿಧಾನ ಮಾಡಿ ಎಡಕ್ಕೆ ಸರಿದು ಕಾದೆ. ಹಿಂದಿನಿಂದ ಯಾವ ಗಾಡಿಯೂ ಬರಲಿಲ್ಲ.

ಮಸ್ಕಿಯಲ್ಲಿ ಮೇಸ್ತ್ರಿಯ ಅಂಗಡಿ ಮುಂದೆ ನಿಲ್ಲಿಸಿದೆ. ಹೆದರಿಕೆ ಹೋಗಿರಲಿಲ್ಲ, ಈಗಲೂ ಹೋಗಿಲ್ಲ. ಆದರೂ ಹಿಂದಿನ ಟಯರು ಸವೆದಿದೆ, ದೂರ ಹೋಗುವುದಿದೆ, ಹೊಸದು ಹಾಕು ಅಂದೆ. ಮೇಸ್ತ್ರಿ ಟಯರು ನೋಡುತ್ತ ನನ್ನನ್ನು ಏನೋ ಕೇಳಿದ. ಮಷೀನು ಇನ್ನೂ ಪರ್ಸಿನಲ್ಲೇ ಇತ್ತು. ನಾನು ಹೆಂಡತಿಯ ಕಡೆ ನೋಡಿದೆ.

ಅವಳು ನನಗೂ ಕೇಳುವಷ್ಟು ಗಟ್ಟಿಯಾಗಿ ಉತ್ತರ ಕೊಟ್ಟಳು. "ಕನ್ಯಾಕುಮಾರಿಗೆ ಹೊಂಟೀವ್ರಿ."