ಹರಿಕೇನಿನ ತಳ

ಶಿವಾಜಿನಗರದಲ್ಲಿ ಮದುವೆ ಅಡುಗೆಗೆ ಪಾತ್ರೆ ಬಾಡಿಗೆ ಕೊಡುವ ಇನಾಯತ್ ಉಲ್ಲಾ ವಿಮಾನ ಹತ್ತಿದವರಲ್ಲ. ಆದರೂ ಎರಡನೇ ಮಹಾಯುದ್ಧದ ಅತ್ಯುತ್ತಮ ಯುದ್ಧವಿಮಾನ ಸ್ಪಿಟ್‌ಫೈರ್, ಅತಿ ಕೆಟ್ಟದ್ದು ಹರಿಕೇನ್ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿಲ್ಲ. ಮೊದಲನೆಯದರಲ್ಲಿ ಬಿರಿಯಾನಿ ಹದವಾಗಿ ಬೇಯುತ್ತದೆ. ಎರಡನೆಯದರಲ್ಲಿ ತಳ ಹಿಡಿಯುತ್ತದೆ.

ಯುದ್ಧ ಮುಗಿದ ಮೇಲೆ ಅವರ ತಾತ ಗುಜರಿಯಲ್ಲಿ ಎರಡು ಮುರಿದ ವಿಮಾನಗಳ ಅಲ್ಯೂಮಿನಿಯಂ ಕೊಂಡು, ಕರಗಿಸಿ, ಒಂದೊಂದರಿಂದ ಒಂದೊಂದು ದೇಗ್ಚಿ ಮಾಡಿಸಿದರಂತೆ. ಇದಕ್ಕೆ ತಾತನ ಮಾತು ಬಿಟ್ಟರೆ ಬೇರೆ ಪುರಾವೆ ಇಲ್ಲ. ಆ ದೊಡ್ಡ ಪಾತ್ರೆಗಳ ಹೊಟ್ಟೆಯ ಮೇಲೆ ವಿಮಾನದ ಹೆಸರುಗಳಿವೆ. ರಂಜಾನಿಗೆ ಮುಂಚೆ ಇನಾಯತ್ ಉಲ್ಲಾ ಆ ಅಕ್ಷರಗಳಿಗೆ ತಪ್ಪದೆ ಹೊಸ ಬಣ್ಣ ಬಳಿಸುತ್ತಾರೆ.

ಸ್ಪಿಟ್‌ಫೈರ್ ಸಿಗದಿದ್ದಾಗ ಮಾತ್ರ ಗಿರಾಕಿಗಳು ಹರಿಕೇನ್ ಒಯ್ಯುತ್ತಾರೆ. ತಿರುಗಿ ಬಂದಾಗ ತಳದಲ್ಲಿ ಅನ್ನದ ಕರಿ ಚಕ್ಕೆ ಕೂತಿರುತ್ತದೆ. ಅದನ್ನು ಉಜ್ಜುವವರು ಹೆಂಡತಿ ಗುಲ್ಷನ್. ಈ ಬಕ್ರೀದ್ ಆದಮೇಲೆ ಅವರು ತೆಂಗಿನ ನಾರನ್ನು ಕೆಳಗಿಟ್ಟು, ಇನ್ನೊಂದು ಸಲ ಹೀಗೆ ಬಂದರೆ ಇದು ಬಂದ ದಾರಿಯಲ್ಲೇ ಗುಜರಿಗೆ ಹೋಗುತ್ತದೆ ಎಂದುಬಿಟ್ಟರು. ಊರ ಮುಂದೆಲ್ಲ ಅದನ್ನು ಬೈಯುವ ಇನಾಯತ್ ಉಲ್ಲಾ ಅವರಿಗೆ ಅಂದು ಊಟ ಸೇರಲಿಲ್ಲ. ಎಷ್ಟಾದರೂ ತಾತನ ಪಾತ್ರೆ.

ಕುಕ್ ಟೌನಿನ ಹಳೆಯ ಬಂಗಲೆಯೊಂದರಲ್ಲಿ ಯುದ್ಧವಿಮಾನದ ಹುಚ್ಚಿನವರು ಭಾನುವಾರ ಸೇರುತ್ತಾರೆ. ಅವರ ಮುಖಂಡ ಸಿದ್ಧಲಿಂಗೇಶ ಕೊಪ್ಪಳದ ಕಡೆಯವರು, ಕೆಲಸ ದೊಮ್ಮಲೂರಿನ ಆಫೀಸಿನಲ್ಲಿ. ಅತ್ಯುತ್ತಮ, ಅತಿ ಕೆಟ್ಟ ವಿಮಾನಗಳಿಗೆ ಮತ ಹಾಕುವ ಸಭೆಯ ಊಟಕ್ಕೆಂದು ಪಾತ್ರೆ ಕೇಳಲು ಬಂದವರು ಹೆಸರು ನೋಡಿ ನಿಂತೇಬಿಟ್ಟರು. ಹರಿಕೇನ್ ಕೆಟ್ಟದ್ದೆಂದು ಕೇಳಿ ಬಹಳ ನೊಂದುಕೊಂಡರು. ಇಂಗ್ಲೆಂಡಿನ ಮೇಲೆ ಏರಿ ಬಂದ ಜರ್ಮನರ ವಿಮಾನಗಳನ್ನು ಹೆಚ್ಚು ಉರುಳಿಸಿದ್ದು ಅದೇ, ಹೆಸರು ಮಾತ್ರ ಸ್ಪಿಟ್‌ಫೈರ್‌ಗೆ ಹೋಯಿತು ಎಂದರು. ಆಮೇಲೆ ಒಂದು ಅನುಮಾನ ತೆಗೆದರು.

“ಹರಿಕೇನಿಗೆ ಬಾಲದ ಕಡಿ ಎಲ್ಲ ಮರ, ಬಟ್ಟಿ ಅದಾವ್ರೀ. ಅದ್ರಾಗ ಪಾತ್ರಿ ಹೆಂಗ ಆಗ್ತದ?”

“ಅದಕ್ಕೇ ಸಾರ್ ತಳ ತೆಳ್ಳಗಿರೋದು,” ಎಂದರು ಇನಾಯತ್ ಉಲ್ಲಾ. “ಬಟ್ಟೆ ಇದ್ದ ಕಡೆ ತಳ ಬಂದ್ಬಿಟ್ಟಿದೆ.”

ಸಿದ್ಧಲಿಂಗೇಶ ಯೋಚಿಸಿ ತಲೆಯಾಡಿಸಿದರು. ಹಾಗಾದರೆ ಪರೀಕ್ಷೆಯೇ ಆಗಲಿ ಎಂದು ಗೊತ್ತುಮಾಡಿದರು. ಒಬ್ಬನೇ ಅಡುಗೆಯವನು, ಒಂದೇ ಅಕ್ಕಿ, ಒಂದೇ ಮಟನ್. ಬಡಿಸುವಾಗ ಹೆಸರಿನ ಮೇಲೆ ಪೇಪರ್. ತಿಂದವರು ಮತ ಹಾಕಬೇಕು.

ಭಾನುವಾರ ಬಂಗಲೆಯ ಅಂಗಳದಲ್ಲಿ ಅಡುಗೆಯ ಉಮೈರ್ ಎರಡು ಒಲೆ ಹಚ್ಚಿದ. ಇನಾಯತ್ ಉಲ್ಲಾ ಅಲ್ಲೇ ಅಡ್ಡಾಡುತ್ತ, ಯಾರೂ ನೋಡದಾಗ ಹರಿಕೇನಿನ ಕೆಳಗಿಂದ ಒಂದು ಸೌದೆ ಎಳೆದು ಪಕ್ಕಕ್ಕಿಡುತ್ತಿದ್ದರು. ಎರಡೂ ಒಲೆ ಸಮನಾಗಿರಬೇಕೆಂಬ ಹಟದ ಸಿದ್ಧಲಿಂಗೇಶ ಬಂದು ಅದನ್ನು ಒಳಕ್ಕೆ ತಳ್ಳುತ್ತಿದ್ದರು. ಮುಚ್ಚಳ ತೆಗೆಯುವ ಮೊದಲೇ ವಾಸನೆ ಬಂತು. ತಳ ಹಿಡಿದಿತ್ತು.

ಎಲ್ಲರೂ ಮತ ಹಾಕಿದ ಮೇಲೆ ಪೇಪರ್ ಕಿತ್ತರು. ಒಂದು ಮತವೂ ಆಚೀಚೆ ಹೋಗಿರಲಿಲ್ಲ: ಉತ್ತಮ ಸ್ಪಿಟ್‌ಫೈರ್, ಕೆಟ್ಟದ್ದು ಹರಿಕೇನ್. ಜೀವಮಾನವೆಲ್ಲ ಹೇಳಿಕೊಂಡು ಬಂದ ಮಾತು ನಿಜವಾಗಿತ್ತು. ಇನಾಯತ್ ಉಲ್ಲಾ ಮಾತ್ರ ಸಾವಿನ ಮನೆಗೆ ಬಂದವರ ಹಾಗೆ ಮೆಟ್ಟಿಲ ಮೇಲೆ ಕೂತರು.

ಅಷ್ಟರಲ್ಲಿ ಅಂಜಲಿ ಎಂಬ ಸದಸ್ಯೆ, ತಳ ಯಾಕೆ ಹಿಡಿಯಿತೆಂದು ನೋಡಲು ಹರಿಕೇನಿನೊಳಗೆ ಬಗ್ಗಿ, ಸೀದ ಅನ್ನದ ಕಂದು ಚಕ್ಕೆಯೊಂದನ್ನು ಮುರಿದು ಬಾಯಿಗಿಟ್ಟುಕೊಂಡಳು. ಇನ್ನೊಂದು ಮುರಿದಳು. ಮೂರನೆಯದಕ್ಕೆ ಕೈ ಹಾಕಿದಾಗ ಉಳಿದವರಿಗೂ ಗುಟ್ಟು ತಿಳಿಯಿತು. ಸ್ವಲ್ಪ ಹೊತ್ತಿಗೆ ಅತಿ ಕೆಟ್ಟ ವಿಮಾನದ ಸುತ್ತ ಚಮಚ ಹಿಡಿದವರ ನೂಕುನುಗ್ಗಲು. ಸಿದ್ಧಲಿಂಗೇಶ ಹೆಗಲವರೆಗೆ ಪಾತ್ರೆಯೊಳಗಿದ್ದರು.

ಮರುದಿನ ಗುಲ್ಷನ್ ತೋಳು ಮೇಲೇರಿಸಿ, ನಾರು ನೆನೆಸಿ, ಹರಿಕೇನನ್ನು ಬೆಳಕಿಗೆ ವಾಲಿಸಿದರು. ತಳ ಹೊಳೆಯುತ್ತಿತ್ತು. ಅಲ್ಲಲ್ಲಿ ಚಮಚದ ಗೀರು, ಅಷ್ಟೇ.

“ಯಾರು ತೊಳೆದ್ರು ಇದನ್ನ?”

“ಯಾರೂ ತೊಳೆದಿಲ್ಲ. ತಿಂದ್ಬಿಟ್ರು.”

ಗುಲ್ಷನ್ ಇನ್ನೊಮ್ಮೆ ಒಳಗೆ ಕೈಯಾಡಿಸಿ ನೋಡಿದರು. ಆಮೇಲೆ ಹರಿಕೇನನ್ನು ಸ್ಪಿಟ್‌ಫೈರ್‌ನ ಪಕ್ಕದಲ್ಲೇ ಬೋರಲು ಹಾಕಿದರು.

“ಇನ್ಮೇಲೆ ಇದನ್ನ ವಿಮಾನದ ಬಗ್ಗೆ ಗೊತ್ತಿರೋರಿಗೆ ಮಾತ್ರ ಕೊಡಿ,” ಎಂದರು.