ದೊಡ್ಡವ್ವ ಮತ್ತು ಕಂಬಳಿಹುಳದ ವರ್ಷ

ದೊಡ್ಡವ್ವನ ಎಡಗಣ್ಣು ಸುಣ್ಣದ ಹರಳಿನಂತೆ ಬೆಳ್ಳಗಿತ್ತು. ಏನನ್ನಾದರೂ ನೋಡಬೇಕಾದರೆ ಕೋಳಿಯ ಹಾಗೆ ಕತ್ತು ಹೊರಳಿಸಿ ಬಲಗಣ್ಣನ್ನು ಮುಂದೆ ತರುತ್ತಿದ್ದಳು. ಅವಳು ಅಪ್ಪನ ಅಣ್ಣನ ಹೆಂಡತಿ. ಗಂಡ ತೀರಿಕೊಂಡ ಮೇಲೆ ಮಸ್ಕಿ ಹತ್ತಿರದ ನಮ್ಮೂರಿನಲ್ಲಿ ಅವಳ ಪಾಲಿಗೆ ಉಳಿದದ್ದು ಕೆಂಪು ಮಣ್ಣಿನ ಒಂದು ತುಂಡು ಮಸಾರಿ ಹೊಲ. ಅದರಲ್ಲಿ ಶೇಂಗಾ ಬಿತ್ತುತ್ತಿದ್ದಳು.

ಮುಂಗಾರಿನ ಮೊದಲ ದೊಡ್ಡ ಮಳೆಯಾದ ಎರಡು ಮೂರು ದಿನಕ್ಕೆ, ಸಂಜೆ ಹೊತ್ತು, ನೆಲದೊಳಗಿಂದ ಬಿಳಿ ಪತಂಗಗಳು ಏಳುತ್ತಿದ್ದವು. ರೆಕ್ಕೆಯ ಅಂಚಿಗೆ ಕುಂಕುಮದ ಗೆರೆ. ನಾನು ಹಿಡಿಯಲು ಓಡುತ್ತಿದ್ದೆ.

"ಚೆಂದ ಕಾಣಸ್ತಾವ ಬೇ. ಇವುಗಳ ಮಕ್ಕಳು ನನ್ನ ಹೊಲ ಮೇಯಾಕ ಬರತಾವ, ನೋಡ್ತಿರು" ಎನ್ನುತ್ತ ಅವಳು ಬದುವಿನ ಮೇಲೆ ತೊಗರಿ ಕಟ್ಟಿಗೆಯ ಬೆಂಕಿ ಹಾಕುತ್ತಿದ್ದಳು. ಪತಂಗಗಳು ಬಂದು ಬಂದು ಬೀಳುತ್ತಿದ್ದವು. ಮರುದಿನ ಒಂದೊಂದೇ ಎಲೆ ಮಗುಚಿ ತತ್ತಿ ಹುಡುಕುತ್ತಿದ್ದಳು.

ಸಿಂಧನೂರಿನ ಕಡೆ ಕಾಲುವೆಗೆ ಹೊಸದಾಗಿ ನೀರು ಬಿಟ್ಟ ವರ್ಷ ಇದಾವುದೂ ಸಾಲಲಿಲ್ಲ. ಕಂಬಳಿಹುಳಗಳು ಪಕ್ಕದ ಹೊಲಗಳನ್ನು ಬೋಳಿಸಿ ಅವಳ ಹೊಲದ ಕಡೆ ಹರಿದು ಬಂದವು. ಅವಳು ಸುತ್ತಲೂ ಮೊಳದಾಳ ಅಗಳು ತೋಡಿ, ಅದರಲ್ಲಿ ಬಿದ್ದ ಹುಳಗಳ ಮೇಲೆ ಮಣ್ಣೆಳೆದು ತುಳಿಯುತ್ತಿದ್ದಳು. ಏಳು ವರ್ಷದ ನಾನು ಕಸಬರಿಗೆ ಹಿಡಿದು ಅವನ್ನು ಬಡಿಯುತ್ತಿದ್ದೆ. ಗಾಳಿ ಬೀಸಿತು. ಕಣ್ಣಿಗೆ ಕೆಂಡ ಬಿದ್ದಂತಾಯಿತು.

ಚೀರಿ ಕೈ ಎತ್ತುವಷ್ಟರಲ್ಲಿ ದೊಡ್ಡವ್ವ ನನ್ನ ಎರಡೂ ಮಣಿಕಟ್ಟು ಹಿಡಿದಿದ್ದಳು. "ತಿಕ್ಕಬ್ಯಾಡ! ಹುಳದ ಕೂದಲ ಹೊಕ್ಕೈತಿ. ತಿಕ್ಕಿದ್ರ ಇನ್ನೂ ಒಳಗ ಇಳಿತೈತಿ!"

ಮನೆಯಲ್ಲಿ ಅಪ್ಪನಿರಲಿಲ್ಲ, ಸಿಂಧನೂರಿನ ಕಡೆ ಕಾಲುವೆ ಕೆಲಸಕ್ಕೆ ಹೋಗಿದ್ದ. ಅವ್ವ ಬಾಣಂತಿ. ನಾಲಿಗೆಯಿಂದ ಕಣ್ಣಿನ ಕಸ ತೆಗೆಯುವ ಮುದುಕಿಯನ್ನು ಕರೆಸುತ್ತೇನೆಂದಳು ಅಜ್ಜಿ.

"ಯಾರ ನಾಲಿಗೀನೂ ಬ್ಯಾಡ. ಲಿಂಗಸುಗೂರ ದವಾಖಾನಿಗೆ ಒಯ್ತೀನಿ" ಎಂದಳು ದೊಡ್ಡವ್ವ.

"ನಿನ್ನ ಹೊಲ ಯಾರು ಕಾಯ್ತಾರ? ಇವತ್ತ ಬಿಟ್ರ ಒಂದ ಎಲಿ ಉಳಿಯಂಗಿಲ್ಲ" ಎಂದಳು ಅಜ್ಜಿ.

ದೊಡ್ಡವ್ವ ನನ್ನ ಮಣಿಕಟ್ಟು ಬಿಡದೆ ಬಾಗಿಲ ಕಡೆ ನಡೆದಳು. "ನನ್ನ ಕಣ್ಣು ಹೆಂಗ ಹೋತು ಅಂತ ಈ ಮನ್ಯಾಗ ಯಾರೂ ಕೇಳಿಲ್ಲ ಅತ್ತಿ. ನಾನೂ ಸಣ್ಣಾಕಿದ್ದಾಗ ಹಿಂಗ ತಿಕ್ಕೊಂಡಿದ್ದೆ" ಎಂದಳು.

ಓಣಿಯವರೊಬ್ಬರು ಚಕ್ಕಡಿ ಕಟ್ಟಿದರು. ದೊಡ್ಡವ್ವ ನನ್ನನ್ನು ಮೊಣಕಾಲುಗಳ ನಡುವೆ ಕೂರಿಸಿ ಕೈ ಬಿಗಿಹಿಡಿದಳು. ಗಾಲಿ ತಗ್ಗಿಗಿಳಿದಾಗಲೆಲ್ಲ ಕಣ್ಣು ಕಿತ್ತುಬರುವಂತೆ ಉರಿಯುತ್ತಿತ್ತು. ಒದ್ದೆ, ಬೈದೆ. ಕಡೆಗೆ ಅವಳ ಕೈಗೇ ಬಾಯಿ ಹಾಕಿದೆ. ನಾಲಿಗೆಗೆ ರಕ್ತದ ಉಪ್ಪು ತಾಗಿತು.

ಚಕ್ಕಡಿಯವ ಹಿಂದಿರುಗಿ ನೋಡಿ, "ಅಕ್ಕಾರ, ರಗತ ಬರಾಕತ್ತೈತ್ರಿ. ಒಂದೀಟ ಬಿಡ್ರಿ" ಎಂದ.

"ನೀ ಎತ್ತ ಹೊಡಿ" ಎಂದಳು ಅವನಿಗೆ. ನನ್ನ ಕಿವಿಯ ಹತ್ತಿರ ಬಾಯಿ ತಂದು, "ಕಡಿ. ಇನ್ನೂ ಕಡಿ. ಕಣ್ಣಷ್ಟ ಮುಟ್ಟಬ್ಯಾಡ" ಎಂದಳು.

ಮಧ್ಯಾಹ್ನ ಇಳಿಯುವಾಗ ದವಾಖಾನೆ ಸೇರಿದೆವು. ಡಾಕ್ಟರು ಭೂತಗನ್ನಡಿ ಹಿಡಿದು ಚಿಮಟದಿಂದ ಒಂದೊಂದೇ ಕೂದಲು ತೆಗೆದರು. ಎಲ್ಲ ಮುಗಿದ ಮೇಲೆ ಕೈ ಬಿಡಲು ಹೇಳಿದರೆ ಅವಳ ಬೆರಳುಗಳು ಬಿಚ್ಚಲೇ ಇಲ್ಲ. ಅವರೇ ಒಂದೊಂದಾಗಿ ಬಿಡಿಸಬೇಕಾಯಿತು.

ಮರುದಿನ ಊರಿಗೆ ಬಂದಾಗ ಅಗಳು ಹುಳಗಳಿಂದ ತುಂಬಿತ್ತು. ಸತ್ತವುಗಳ ಮೇಲೆ ಹಾದು ಉಳಿದವು ಹೊಲ ಹೊಕ್ಕಿದ್ದವು. ಬರೀ ಕಡ್ಡಿಗಳು ನಿಂತಿದ್ದವು. ದೊಡ್ಡವ್ವ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ನಡಿ ಬೇ, ಉಣ್ಣೋಣು" ಎಂದಳು.

ನಾನು ಲಿಂಗಸುಗೂರಿನಲ್ಲಿ ಶಾಲಾ ಮಾಸ್ತರಿಣಿಯಾಗಿದ್ದಾಗ ಅವಳು ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ಅವ್ವ ಒಂದು ಮಾತು ಹೇಳಿದಳು. ಆ ವರ್ಷ ಬೆಳೆ ಹೋದದ್ದರಿಂದ ದೊಡ್ಡವ್ವ ಸಿಂಧನೂರಿನ ಕಡೆಯ ಗೊರೇಬಾಳಕ್ಕೆ ಹೋಗಿ, ಎರಡು ತಿಂಗಳು ಮಂದಿಯ ಕೆಸರುಗದ್ದೆಯಲ್ಲಿ ನೆಲ್ಲು ನಾಟಿ ಮಾಡಿದ್ದಳಂತೆ. ನನಗೆ ಮಾತ್ರ ತವರಿಗೆ ಹೋಗಿ ಬರುತ್ತೇನೆಂದು ಹೇಳಿದ್ದಳು.

ಅವಳು ಹಿಂದಿರುಗಿದ ದಿನ ನಾನು ಬಾಗಿಲಲ್ಲೇ ತಡೆದು, "ತವರಿಂದ ನನಗೇನ ತಂದೀ?" ಎಂದಿದ್ದೆ. ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಪುಟಾಣಿ ಕೊಟ್ಟಿದ್ದಳು. ನಿಂತಲ್ಲೇ ಎಲ್ಲ ತಿಂದು, ಬೆಲ್ಲ ಯಾಕೆ ತರಲಿಲ್ಲವೆಂದು ಮುನಿಸಿಕೊಂಡಿದ್ದೆ.