ಷಡ್ಜ ತಪ್ಪಿದ ಗೆಜ್ಜೆ

ಸಂಶಿಯ ಪೇಟೆಯಲ್ಲಿದ್ದ ಬೆಳ್ಳಿ-ಬಂಗಾರದ ಕೆಲಸದ ನಮ್ಮ ಪತ್ತಾರಿಕೆ ಅಂಗಡಿ ಎಷ್ಟು ಇಕ್ಕಟ್ಟೆಂದರೆ, ಅಪ್ಪ ಸುತ್ತಿಗೆ ಎತ್ತಿದರೆ ನಾನು ತಲೆ ಬಗ್ಗಿಸಬೇಕಿತ್ತು. ಕಾಲು ಚಾಚಲು ಜಾಗವಿಲ್ಲದಿದ್ದರೂ ನನ್ನ ಗಂಟಲಲ್ಲಿ ಊರಿಗೆ ಊರೇ ಕೂತಿತ್ತು. ಕುಂದಗೋಳ ಬಸ್ಸಿನ ಕಂಡಕ್ಟರು, ರೇಡಿಯೋದಲ್ಲಿ ವಾರ್ತೆ ಓದುವವರು, ನಮ್ಮ ತಕ್ಕಡಿಯನ್ನು ಎಂದೂ ನಂಬದ ಗೌಡರ ಹೆಂಡತಿ ಗೌಡಶ್ಯಾನಿ, ಎಲ್ಲರ ದನಿಯನ್ನೂ ತೆಗೆಯುತ್ತಿದ್ದೆ. ನನ್ನದೇ ದನಿ ತೆಗೆ ಎಂದರೆ ಮಾತ್ರ ಕೆಮ್ಮು ಬರುತ್ತಿತ್ತು.

ಅಪ್ಪನ ಬಳಿ ನನ್ನ ಬಾಯಿಗೆ ಮದ್ದಿತ್ತು: ಊದುಗೊಳವೆ. ಬೆಸುಗೆ ಹಾಕುವಾಗ ಅದನ್ನು ಬಾಯಲ್ಲಿಟ್ಟು, ಮೂಗಿನಿಂದ ಉಸಿರೆಳೆಯುತ್ತ, ದೀಪದ ಉರಿಯನ್ನು ಎಡೆಬಿಡದೆ ಊದಬೇಕು. ನಡುವೆ ಬಾಯಿ ತೆಗೆದರೆ ಬೆಸುಗೆ ಕೆಟ್ಟಿತು. ಹಾಗಾಗಿ ಬೆಸುಗೆಯೆಲ್ಲ ನನ್ನ ಪಾಲಿಗೆ.

"ಊದು ಮಗನ, ಊದು. ಊರಿಗೆ ಒಂದೀಟು ಶಾಂತಿ ಸಿಗಲಿ."

ಒಂದು ದಿನ ಸಾಲಿಯಲ್ಲಿ ಸಂಗೀತ ಕಲಿಸುವ ಅಕ್ಕೋರು ಮಗಳ ಮದುವೆಗೆ ಕಾಲಿನ ಬೆಳ್ಳಿ ಪೈಜಣ ಮಾಡಿಸಲು ಬಂದರು. ನಾನು ಸುಮ್ಮನಿರಬೇಕಲ್ಲ! ಅವರ ತಂಬೂರಿಯ ನಾಲ್ಕು ತಂತಿಗಳನ್ನೂ ಬಾಯಲ್ಲೇ ಮೀಟಿ, "ಅಕ್ಕೋರ, ನಿಮ್ಮ ಮಗಳು ನಡದ್ರ ಹಿಂಗ ನುಡಿಬೇಕ್ರಿ. ಪ, ಸ, ಸ, ಕೆಳಗಿನ ಸ. ಅಂಥಾ ಗೆಜ್ಜಿ ಮಾಡಿಕೊಡ್ತೀನ್ರಿ" ಎಂದುಬಿಟ್ಟೆ.

ಅಕ್ಕೋರು ನಗಲಿಲ್ಲ. "ಮಾಡ್ರಿ ಮತ್ತ" ಎಂದರು.

ನಮ್ಮಜ್ಜಿಯ ಕಾಲಿನ ಕಡಗದ ಮೇಲಿದ್ದ ಬಳ್ಳಿಯ ಚಿತ್ತಾರವನ್ನು ಪೈಜಣದ ಪಟ್ಟಿಗೆ ತಂದೆ. ಕೆಳಗೆ ಬೇರೆ ಬೇರೆ ಗಾತ್ರದ ಗೆಜ್ಜೆಗಳು. ಒಂದೊಂದನ್ನೂ ಕಿವಿಯ ಹತ್ತಿರ ಅಲುಗಿಸಿ, ಗಂಟಲಲ್ಲಿ ಷಡ್ಜ ಹಿಡಿದು, ಅರದಿಂದ ಉಜ್ಜಿ ಉಜ್ಜಿ ಶ್ರುತಿಗೆ ತರಬೇಕಿತ್ತು.

ಅಷ್ಟರಲ್ಲಿ ಹುಬ್ಬಳ್ಳಿಯ ಆರ್ಕೆಸ್ಟ್ರಾದ ಮಾಲೀಕರು ಯಾರದೋ ಮದುವೆಯಲ್ಲಿ ನನ್ನ ಮಿಮಿಕ್ರಿ ಕೇಳಿದರು. "ತಮ್ಮಾ, ಬೇಸ್ತವಾರ ನಮ್ಮ ಗಾಡಿ ನಿಮ್ಮ ಅಂಗಡಿ ಮುಂದ ಹಾದು ಹೋಗತೈತಿ. ಹಾರ್ನ್ ಹೊಡಿತೀನಿ. ಬಂದಿ, ನಮ್ಮಾಂವಾದಿ. ಬರ್ಲಿಲ್ಲ, ನಾ ಮತ್ತ ಕೇಳಾಂವಲ್ಲ."

ಅಪ್ಪ ಬೇಡವೆನ್ನಲಿಲ್ಲ. "ಬಾಯಿಲೆ ಒಪಗೊಂಡಿ, ಕೈಲೆ ಮುಗಿಸಿ ಹೋಗು" ಎಂದ.

ಬೇಸ್ತವಾರ ಬೆಳಿಗ್ಗೆ ಕೊನೆಯ ಗೆಜ್ಜೆಯೂ ಪಟ್ಟಿಗೆ ಕೂತಿತು. ಅಂಗಿ ಬದಲಿಸಿ, ತಲೆಗೆ ಎಣ್ಣೆ ಹಚ್ಚಿ, ಚೀಲ ಬಾಗಿಲಲ್ಲಿಟ್ಟೆ. ಹೊರಡುವ ಮುಂಚೆ ಒಮ್ಮೆ ಪೈಜಣ ಅಲುಗಿಸಿದೆ. ಪ, ಸ, ಸ... ಕೆಳಗಿನ ಷಡ್ಜ ಒಂದು ಕೂದಲೆಳೆ ಇಳಿದಿತ್ತು. ಗೆಜ್ಜೆಯನ್ನು ಬಿಡಿಯಾಗಿದ್ದಾಗ ಶ್ರುತಿ ಮಾಡಿದ್ದೆ. ಕೂರಿಸುವಾಗ ಬೆಸುಗೆ ಹೆಚ್ಚಾಗಿ ಹರಿದು ಅದಕ್ಕೆ ಭಾರವಾಗಿತ್ತು.

"ಯಾರಿಗೆ ತಿಳೀತೈತಿ ಬಿಡಲೇ" ಎಂದ ಅಪ್ಪ.

"ಅಕ್ಕೋರಿಗೆ ತಿಳೀತೈತಿ."

"ಅವರಿಗೂ ತಿಳಿಯಂಗಿಲ್ಲ."

ನನಗೆ ತಿಳಿದಿತ್ತಲ್ಲ. ಊರಿನವರ ದನಿಯನ್ನೆಲ್ಲ ಕದ್ದ ಕಿವಿ ಈಗ ನನ್ನ ಕೊರಳಪಟ್ಟಿ ಹಿಡಿದು ಕೂರಿಸಿತು. ಗೆಜ್ಜೆ ಬಿಚ್ಚಿದೆ, ಹೆಚ್ಚಾದ ಬೆಸುಗೆಯ ಮೇಲೆ ಅರ ಆಡಿಸಿದೆ, ಶ್ರುತಿಗೆ ತಂದೆ, ಊದುಗೊಳವೆ ಬಾಯಿಗಿಟ್ಟೆ. ಬೆಸುಗೆ ಕರಗಿ ಹೊಳೆಯತೊಡಗಿತ್ತು, ಹೊರಗೆ ಹಾರ್ನ್ ಕೂಗಿತು.

"ಬಂತು ನೋಡಲೇ ನಿನ್ನ ಗಾಡಿ!"

ನಾನು ಊದುತ್ತಿದ್ದೆ. ಹಾರ್ನ್ ಮತ್ತೆ ಕೂಗಿತು.

"ಹೋಗಲೇ ಹುಚ್ಚಾ. ನಾ ಊದತೀನಿ, ಕೊಡು." ಅಪ್ಪನೇ ಕೈ ಚಾಚಿದ. ಅಷ್ಟು ವರ್ಷ ನನ್ನ ಬಾಯಿಗೆ ಊದುಗೊಳವೆ ತುರುಕಿದ ಕೈ ಅದು. ಕೈ ಬದಲಾಗುವಷ್ಟರಲ್ಲಿ ಉರಿ ನಿಲ್ಲುತ್ತಿತ್ತು. ಕೆನ್ನೆ ಉಬ್ಬಿಸಿಕೊಂಡೇ ತಲೆ ಅಲ್ಲಾಡಿಸಿದೆ. ಕನ್ನಡಿಯಿದ್ದರೆ ಕಪ್ಪೆಯೊಂದು ಕಂಡಿರುತ್ತಿತ್ತು. ಎಣ್ಣೆ ಹಚ್ಚಿಕೊಂಡು ದೇಶ ನೋಡಲು ಹೊರಟ ಕಪ್ಪೆ.

ಬೆಸುಗೆ ಕೂತಿತು. ಗಾಡಿಯ ಸದ್ದು ಪೇಟೆ ದಾಟಿ ಹೋಯಿತು. ಪೈಜಣ ಅಲುಗಿಸಿದೆ: ಪ, ಸ, ಸ, ಸ. ನಾಲ್ಕೂ ಸರಿ. ಅಪ್ಪ ಎದ್ದು ಚೀಲವನ್ನು ಒಳಗಿಟ್ಟು, ನನ್ನ ಕಡೆ ಬೆನ್ನು ಮಾಡಿ ಕೂತ.

ಆ ಬೆನ್ನು ನೋಡಲಾಗದೆ ಬಾಯಿ ತೆರೆದೆ. ಬಂದದ್ದು ಆ ಗಾಡಿಯ ಹಾರ್ನು. ಸ್ವಲ್ಪ ಒಡಕು, ಕೊನೆಗೊಂದು ಕೀರಲು, ಥೇಟ್ ಅದೇ.

ಅಪ್ಪ ದಡಬಡಿಸಿ ಎದ್ದು, ಬರಿಗಾಲಲ್ಲೇ ರಸ್ತೆಗೆ ಓಡಿದ.